ಬಾಳಪ್ಪ ಮಾಸ್ತರರು ಖಾಲಿ ಬಿಟ್ಟ ಕಾಲಂ

ಹೊಂದಿಕೆಯ ಮೂವತ್ತೊಂದನೆಯ ವರ್ಷ, ನಿಮ್ಮ ಎಣಿಕೆಯಂತೆ 2139ರ ಜೂನ್ ಒಂಬತ್ತು
ಹೊಳೆಕಣಗಿಲ ಶಿಕ್ಷಣ ವಲಯ

ಪೂಜ್ಯ ಕಸ್ತೂರೆವ್ವನವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳು ಅನುಸೂಯಾ ಮಾಡುವ ನಮಸ್ಕಾರಗಳು.

ನೀವಿನ್ನೂ ಕಾಣದ ದಿನವೊಂದರಿಂದ ಬರೆಯುತ್ತಿದ್ದೇನೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಬೇಕು. ನೀವು ಮುಖ್ಯ ಗುರುಮಾತೆಯಾಗಿರುವ ಶಾಲೆಗೇ ಈಗ ನಾನು ಮುಖ್ಯಸ್ಥೆ. ಬಿಸಿಲು ತಡೆಯಲಾಗದ್ದರಿಂದ ಶಾಲೆ ಬೆಳಗಿನ ಐದಕ್ಕೆ ಆರಂಭವಾಗಿ ಹತ್ತಕ್ಕೆ ಮುಗಿಯುತ್ತದೆ. ಈ ಐದು ತಾಸನ್ನು ನಾವು ತಂಪುಹೊತ್ತು ಎನ್ನುತ್ತೇವೆ. ಮಕ್ಕಳು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬರುತ್ತಾರೆ, ಮಗ್ಗಿ ಹೇಳುತ್ತಾರೆ, ಜಗಳವಾಡುತ್ತಾರೆ. ಅದರಲ್ಲಿ ನಿಮಗೆ ಹೊಸದೇನೂ ಇಲ್ಲ. ಆದರೆ ಹೋದ ವರ್ಷದಿಂದ ಶಿಕ್ಷಕರಾಗಲಿ ಮಕ್ಕಳಾಗಲಿ ಬಾಗಿಲಲ್ಲಿ ಅಂಗೈ ತೋರಿಸಿ, ತಮ್ಮ ಸಾಲು ಹೇಳಿಯೇ ಒಳಗೆ ಬರಬೇಕು. ಸಾಲು ಎಂದರೆ ಒಬ್ಬರ ಜಾತಿ, ಜನಾಂಗ, ತಾಯಿ ಕಡೆಯವರು, ತಂದೆ ಕಡೆಯವರು ಎಲ್ಲವನ್ನೂ ಹೆಸರಿನ ಮುಂದೆ ಬರೆದಿಟ್ಟ ದಾಖಲೆ. ನಮ್ಮ ವಲಯದಲ್ಲಿ ಅದರ ಮೊದಲ ಹಾಳೆ ಈಗ ನಿಮ್ಮ ಮೇಜಿನ ಮೇಲಿದೆ.

ಆ ನಮೂನೆ ಒಳ್ಳೆಯ ಉದ್ದೇಶಕ್ಕೇ ಬಂದದ್ದೆಂದು ನಾನು ಬಲ್ಲೆ. ತಾಲ್ಲೂಕಿನ ಶಾಲೆಗಳಲ್ಲಿ ಅಡುಗೆಯವರಿಂದ ಹಿಡಿದು ಅತಿಥಿ ಶಿಕ್ಷಕರವರೆಗೆ ಯಾವ ಸಮುದಾಯದವರು ಎಷ್ಟಿದ್ದಾರೆ, ಯಾರಿಗೆ ಇನ್ನೂ ಬಾಗಿಲು ತೆರೆದಿಲ್ಲ ಎಂಬುದು ತಿಳಿಯಬೇಕಿತ್ತು. ತಿಳಿದದ್ದರಿಂದ ಬಹಳ ವರ್ಷ ಒಳ್ಳೆಯದೇ ಆಯಿತು. ಎಂದೂ ಶಾಲೆಯ ಮೆಟ್ಟಿಲು ಹತ್ತದ ಮನೆಗಳಿಂದ ಮಾಸ್ತರರು ಬಂದರು. ಆಮೇಲೆ ಅಧಿಕಾರಕ್ಕೆ ಬಂದವರು ಅವೇ ಹಾಳೆಗಳಿಂದ ಹೊಂದಿಕೆ ಎಂಬ ಆದೇಶ ಹೊರಡಿಸಿದರು. ಮಕ್ಕಳಿಗೆ ತಮ್ಮವರೇ ಕಲಿಸಿದರೆ ಚೆನ್ನ, ಆದ್ದರಿಂದ ಶಿಕ್ಷಕರೆಲ್ಲ ತಂತಮ್ಮ ಸಾಲಿನ ಶಾಲೆಗೆ ಹೋಗತಕ್ಕದ್ದು. ತಮ್ಮ ಸಾಲಿಗೆ ಶಾಲೆಯೇ ಇಲ್ಲದಷ್ಟು ಕಡಿಮೆ ಇದ್ದವರನ್ನು ಶೇಷ ಎಂದು ಕರೆದರು. ಭಾಗಾಕಾರದಲ್ಲಿ ಕೊನೆಗೆ ಉಳಿಯುವುದಕ್ಕೆ ನಾವು ಮಕ್ಕಳಿಗೆ ಹೇಳಿಕೊಡುವ ಪದವೇ ಅದು. ದೊಡ್ಡ ಊರುಗಳಲ್ಲಿ ಮೂವತ್ತು ವರ್ಷ ನಡೆದ ಹೊಂದಿಕೆ ಹೋದ ಜೂನ್‌ನಲ್ಲಿ ನಮ್ಮಲ್ಲಿಗೂ ಬಂತು.

ನಮ್ಮ ಗಣಿತದ ಮಾಸ್ತರ ಸಿದ್ರಾಮ, ಅಡ್ಡಹೆಸರು ಬಾಳಪ್ಪನವರ. ಹನ್ನೊಂದು ವರ್ಷ ನನ್ನ ಜೊತೆ ಕೆಲಸ ಮಾಡಿದವನು. ಆ ಜೂನ್‌ನಲ್ಲೇ ಒಂದು ದಿನ, ತಂಪುಹೊತ್ತು ಮುಗಿಯುವ ಮೊದಲೇ ವಲಯದ ಪರಿಶೀಲಕಿ ಬಂದು ಅವನ ವರ್ಗಾವಣೆಯ ಕಾಗದವನ್ನು ನನ್ನ ಮುಂದಿಟ್ಟಳು.

"ಬರೇ ದೃಢೀಕರಣ ಐತ್ರಿ ಮೇಡಂ. ಸಾಲು ಮೊದಲ ದಾಖಲಾಗೇತಿ," ಎಂದಳು.

"ಎಲ್ಲಿಗೆ ಕಳಸ್ತೀರಿ ಇವರನ್ನ?" ಎಂದು ಕೇಳಿದೆ.

"ಹೊಳಿ ಆಚೆಗ್ರಿ. ಅಲ್ಲಿ ಶೇಷದವರಿಗೆ ಶಾಲಿ ಕಟ್ಟ್ಯಾರ."

"ಮಕ್ಕಳದಾರೇನು ಅಲ್ಲಿ?"

"ಬರ್ತಾರ್ರಿ," ಎಂದು ಆಕೆ ಗಡಿಯಾರ ನೋಡಿದಳು.

ಸಿದ್ರಾಮ ಬಾಗಿಲಲ್ಲೇ ನಿಂತು ಕೈಗೆ ಹತ್ತಿದ್ದ ಸೀಮೆಸುಣ್ಣದ ಪುಡಿ ಒರೆಸಿಕೊಳ್ಳುತ್ತಿದ್ದ. "ಎಂಟನೇ ಕ್ಲಾಸಿನವ್ರಿಗೆ ಭಿನ್ನರಾಶಿ ಅರ್ಧಕ್ಕ ನಿಂತೈತ್ರಿ ಅಕ್ಕೋರ. ನೀವ ಮುಗಿಸಿ ಬಿಡ್ರಿ," ಎಂದ. ಬೇರೇನೂ ಕೇಳಲಿಲ್ಲ. ನಾನು ಸಹಿ ಹಾಕಿದೆ. ನನ್ನ ಮಗಳೂ ಇದೇ ವಲಯದಲ್ಲಿ ನೌಕರಿಯಲ್ಲಿದ್ದಾಳೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಅವನಿಂದ ಇದುವರೆಗೆ ಒಂದು ಸಾಲಿನ ಪತ್ರವೂ ಬಂದಿಲ್ಲ. ಅವನ ಹೆಂಡತಿ ನೇತ್ರಾ ಪ್ರತಿ ಭಾನುವಾರ ಹೊಳೆದಂಡೆಗೆ ಹೋಗುತ್ತಾಳೆ; ಎರಡು ಸಲ ನಾನೂ ಹೋಗಿದ್ದೆ. ಆಚೆ ದಂಡೆಯ ಕಟ್ಟಡ ಸ್ಪಷ್ಟವಾಗಿ ಕಾಣುತ್ತದೆ. ಗಂಟೆ ಹೊಡೆಯುವುದೂ ಕೇಳುತ್ತದೆ. ಮಕ್ಕಳ ಸದ್ದು ಮಾತ್ರ ಒಮ್ಮೆಯೂ ಕೇಳಿಸಿಲ್ಲ.

ಆಮೇಲೆ ನಾನು ಮೂಲ ಹಾಳೆ ತೆಗೆಸಿ ನೋಡಿದೆ. ಅದರಲ್ಲಿರುವ ಅತಿಥಿ ಶಿಕ್ಷಕ ಬಾಳಪ್ಪನವರು ಸಿದ್ರಾಮನ ಪೂರ್ವಜರು. ಅವರು ಜಾತಿಯ ಕಾಲಂ ಖಾಲಿ ಬಿಟ್ಟು ಒಂದು ಚೀಟಿ ಲಗತ್ತಿಸಿದ್ದರು. ಅದು ಈಗಲೂ ಹಾಗೇ ಇದೆ: "ಎಷ್ಟ ಮಂದಿ ಅದೇವಿ ಅಂತ ಎಣಸಾಕ ನಂದೇನೂ ತಕರಾರಿಲ್ರಿ ಅಕ್ಕೋರ. ನನ್ನ ಹೆಸರಿನ ಮುಂದ ಮಾತ್ರ ಬರೀಬ್ಯಾಡ್ರಿ. ನಾವು ಹೆಳವರು. ನಮ್ಮ ಮುತ್ಯಾ ಎತ್ತಿನ ಮ್ಯಾಲೆ ಊರೂರು ತಿರಗಿ ಮಂದಿ ವಂಶಾವಳಿ ಓದತಿದ್ದ. ಒಬ್ಬರ ವಂಶ ಇನ್ನೊಬ್ಬರ ಕೈಯಾಗ ಸಿಕ್ಕರ ಏನಾಕ್ಕೈತಿ ಅಂತ ನಮಗ ಗೊತ್ತೈತಿ."

ನೀವು ಕೆಟ್ಟವರಲ್ಲ. ಅಂಚಿನಲ್ಲಿ ನೀವೇ ಬರೆದಿದ್ದೀರಿ: ಸೋಮವಾರ ಕಚೇರಿಯಿಂದ ಫೋನ್ ಬಂತು, ಒಂದೂ ಕಾಲಂ ಖಾಲಿ ಇರಬಾರದಂತೆ. ಅದರ ಪಕ್ಕದಲ್ಲಿ, ನಿಮ್ಮದೇ ದುಂಡನೆಯ ಅಕ್ಷರದಲ್ಲಿ, ಬಾಳಪ್ಪನವರು ನಿಮ್ಮನ್ನು ನಂಬಿ ಹೇಳಿದ ಆ ಒಂದು ಪದವನ್ನು ತುಂಬಿದ್ದೀರಿ. ನಿಮ್ಮ ಅಕ್ಷರ ನನ್ನ ಅಕ್ಷರದ ಹಾಗೇ ಇದೆ.

ಮೊನ್ನೆ ಹೊಳೆ ಆಚೆಗೆ ಕಳಿಸುವವರ ಎರಡನೆಯ ಪಟ್ಟಿ ಬಂದಿದೆ. ಈ ಸಲ ಅದರಲ್ಲಿರುವುದು ಮಕ್ಕಳು. ನಲವತ್ತೊಂದು ಹೆಸರುಗಳು. ಎಲ್ಲರಿಗಿಂತ ಚಿಕ್ಕವಳು ಒಂದನೆಯ ತರಗತಿಯ ಚಿನ್ಮಯಿ, ಇನ್ನೂ ತನ್ನ ಹೆಸರನ್ನು ಪೂರ್ತಿ ಬರೆಯಲು ಬಾರದವಳು. ಗುರುವಾರ ದೃಢೀಕರಣಕ್ಕೆ ಬರುತ್ತಾರೆ.

ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ಎಣಿಸಬೇಡಿ ಎನ್ನುವುದಿಲ್ಲ. ಎಣಿಸದೆ ಬಿಟ್ಟವರಿಗೆ ಏನಾಗುತ್ತದೆಂದು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಒಟ್ಟು ಎಷ್ಟು ಜನ ಎಂಬುದನ್ನು ಕೊಡಿ, ಹೆಸರುಗಳನ್ನು ಕೊಡಬೇಡಿ. ಸೋಮವಾರ ಫೋನ್ ಮಾಡಿದವರು ಸಿಟ್ಟಾದರೆ ಆಗಲಿ. ಅವರ ಸಿಟ್ಟು ಒಂದು ವಾರದ್ದು. ನೀವು ಬರೆದದ್ದನ್ನು ಅಳಿಸುವವರು ಈ ನೂರು ವರ್ಷದಲ್ಲಿ ಒಬ್ಬರೂ ಬರಲಿಲ್ಲ.

ಗುರುವಾರ ನನ್ನ ಮುಂದಿಡುವ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಇಲ್ಲಿಂದ ನನ್ನ ಕೈಲಾಗುವುದು ಅಷ್ಟೇ. ಮಿಕ್ಕದ್ದು ನಿಮ್ಮ ಕೈಯಲ್ಲಿದೆ ಅವ್ವಾ, ನಿಮ್ಮ ದಿನದಲ್ಲಿ ಪೆನ್ನು ಇನ್ನೂ ಹಾಳೆಗೆ ತಾಗಿಲ್ಲ.