ನೆರೆಯ ತಾಲೀಮಿನ ದಿನ ಬಂದ ಮಳೆ

ಪ್ರೀತಿಯ ಅಕ್ಕಾ,

ಸುಖವಾಗಿ ಬಂದು ಸೇರಿದ್ದೇನೆ. ನೆರೆ ಬಂದರೆ ದವಸ, ಬಿತ್ತನೆ ಬೀಜ ಉಳಿಸಿಕೊಳ್ಳುವುದು ಹೇಗೆಂದು ನಮ್ಮಂಥ ಗೋದಾಮಿನವರಿಗೆ ಇಲ್ಲಿ ಭರ್ಜರಿ ತರಬೇತಿ.

ನಿನ್ನೆ ತಾಲೀಮು. ಚೀಲಗಳಿಗೆ ಮರಳು ತುಂಬಿ, ಮೇಲೆ ‘ಅಕ್ಕಿ’ ಎಂದು ಬರೆದು ನೆಲಮಾಳಿಗೆಯಲ್ಲಿಟ್ಟಿದ್ದರು. ಸೈರನ್ ಕೂಗಿದೊಡನೆ ಅವನ್ನು ಮಹಡಿಗೆ ಹೊರಬೇಕು. ಸೈರನ್ ಕೂಗಿತು, ಅದೇ ಹೊತ್ತಿಗೆ ನಿಜವಾದ ಮಳೆಯೇ ಹುಯ್ದು ಚರಂಡಿ ನೀರು ಒಳಗೆ ನುಗ್ಗಿತು!

“ಸಾರ್, ಪಕ್ಕದ ಕೋಣೇಲಿ ಅಡುಗೆ ಅಕ್ಕಿ ಇದೆ, ಮೊದಲು ಅದನ್ನ ಎತ್ತಿಸಿ!” ಎಂದು ಅಡುಗೆಯಮ್ಮ ಬಾಯಿಬಾಯಿ ಬಡಿದುಕೊಂಡರು.

ತರಬೇತಿಯ ಸಾಹೇಬರು ಕೈಗಡಿಯಾರದಿಂದ ಕಣ್ಣೆತ್ತಲಿಲ್ಲ. “ಆ ಅಕ್ಕಿ ತಾಲೀಮಿಗೆ ಸೇರಿಲ್ಲ ಕಣಮ್ಮ. ಅಡ್ಡ ಬರಬೇಡಿ.”

ನಾವೂ ದಮ್ಮು ಕಟ್ಟಿ ಹೊತ್ತೆವು. ಮರಳು ಒಂದು ಹಿಡಿಯೂ ನೆನೆಯಲಿಲ್ಲ. ಮಹಡಿಯಲ್ಲಿ ಚಪ್ಪಾಳೆ, ಫೋಟೋ, ನನಗೊಂದು ಪ್ರಶಸ್ತಿಪತ್ರ. ಕೆಳಗೆ ಅಕ್ಕಿಯೆಲ್ಲ ಕೊಚ್ಚೆಪಾಲು.

ಸೊಂಟ ಹಿಡಿದುಕೊಂಡಿದೆ, ಮುಲಾಮು ಹಚ್ಚುತ್ತಿದ್ದೇನೆ, ಗಾಬರಿಯಾಗಬೇಡ. ನಿನ್ನೆಯಿಂದ ಮೂರು ಹೊತ್ತೂ ಬನ್ನು.

ಗೋದಾಮಿನ ಬೀಗದ ಕೈ ನಿನ್ನ ಹತ್ತಿರವೇ ಇದೆಯಲ್ಲ, ಭಾವನ ಕೈಲಿ ಬೀಜದ ಮೂಟೆಗಳನ್ನು ಇವತ್ತೇ ಅಟ್ಟಕ್ಕೆ ಏರಿಸಿಬಿಡು. ನಾನು ಕಲಿತು ಬರಲಿ ಎಂದು ಮಾತ್ರ ಕಾಯಬೇಡ.

ನಿನ್ನ ತಂಗಿ