ಮಾಸ್ತರರಿಗೆ ಮಾತು ಬಂತು

ಜುಲೈ ೧೧, ಶುಕ್ರವಾರ

ಖುಷಿಗೆ ನಿದ್ದೆಯೇ ಬರುತ್ತಿಲ್ಲ. ಖಾನಾಪುರದ ಬಿಂದುಮಾಧವರು ಇಂದು ಮಾತಾಡಿದರು! ಪಾರ್ಶ್ವವಾಯು ಹೊಡೆದು ಮಿದುಳಿನ ಎಡಭಾಗಕ್ಕೆ ಪೆಟ್ಟಾದ ಮೇಲೆ ಅವರ ಬಾಯಿಂದ ಒಂದು ಶಬ್ದವೂ ಹೊರಟಿರಲಿಲ್ಲ. ಜೀವಮಾನವಿಡೀ ಕನ್ನಡ ಕಲಿಸಿದ ಮಾಸ್ತರರು, ನಾನು ಲೋಟದ ಚಿತ್ರ ತೋರಿಸಿ ಇದೇನೆಂದು ಕೇಳಿದರೆ ಕಣ್ಣೀರು ಹಾಕುತ್ತಿದ್ದರು.

ಇಂದು ದೇಸೂರಿನಿಂದ ಅವರ ಅಕ್ಕ ಕಾಶೀಬಾಯಿ ಬಂದಿದ್ದರು. ನಾನು ಮಾತಿನ ಚಿಕಿತ್ಸೆ ಕೊಡುವ ಕೋಣೆಗೆ ಕಾಲಿಟ್ಟವರೇ ತಮ್ಮನ ಗಲ್ಲ ಹಿಡಿದು, ಚಿಕ್ಕಂದಿನ ಮನೆಮಾತು ಮರಾಠಿಯಲ್ಲಿ ಊಟವಾಯಿತೇ ಎಂದು ಕೇಳಿದರು: "ಬಿಂದ್ಯಾ, ಜೇವಲಾಸ ಕಾ?"

"ನಾಹೀ. ಭೂಕ ಲಾಗಲೀ."

ಇಲ್ಲ, ಹಸಿವಾಗಿದೆ! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಎರಡು ಭಾಷೆ ಬಲ್ಲವರಿಗೆ ಕೆಲವೊಮ್ಮೆ ಒಂದೇ ಮೊದಲು ಮರಳುತ್ತದೆಂದು ಓದಿದ್ದೆ. ಕಣ್ಣಾರೆ ಕಂಡದ್ದು ಇಂದೇ.

ಆದರೆ ಜೊತೆಗಿದ್ದ ಮಾಸ್ತರರ ಹೆಂಡತಿ ಪದ್ಮಾವತಿಬಾಯಿ ಧಾರವಾಡದ ಕನ್ನಡದವರು. ಅವರ ಮುಖ ಸಣ್ಣದಾಯಿತು. "ನನ್ನ ಜೋಡಿ ಎಂದೂ ಮರಾಠಿ ಆಡಿಲ್ಲರೀ. ಈಗ ನಾ ಏನ್ ಮಾಡ್ಲಿ?"

"ನೀವೂ ಕೇಳಿ ನೋಡ್ರಿ. ತಪ್ಪಾದ್ರೂ ನಡೀತದ," ಎಂದೆ.

ಚಹಾ ಬೇಕೇ ಎಂದು ಮರಾಠಿಯಲ್ಲಿ ಅಳುಕುತ್ತ ಕೇಳಿದರು: "ಚಹಾ... ಹವೀ ಕಾ?"

ಮಾಸ್ತರರು ಹುಬ್ಬು ಗಂಟಿಕ್ಕಿದರು. "ಹವೀ ನಾಹೀ. ಹವಾ."

ಮರಾಠಿಯಲ್ಲಿ ಚಹಾ ಪುಲ್ಲಿಂಗ, 'ಹವೀ' ಸ್ತ್ರೀಲಿಂಗದ ರೂಪ. ಹೆಂಡತಿಯ ವ್ಯಾಕರಣ ತಿದ್ದಿದರು!

"ತಪ್ಪ ತಗಿಯೂ ಚಟಾ ಹೋಗಿಲ್ಲ ನೋಡ್ರಿ!" ಪದ್ಮಾವತಿಬಾಯಿ ಅಳುತ್ತಲೇ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, ಅವರ ಎದುರಿಗೇ ಕುಳಿತು, ಬೇಕೆಂದೇ ಮತ್ತೊಮ್ಮೆ ತಪ್ಪಾಗಿ ಕೇಳಿದರು.