ಎಂಟನೇ ನಿಮಿಷ

ಕುಷಾಯಿಗೂಡ, ಹೈದರಾಬಾದ್
೧೮ ಏಪ್ರಿಲ್ ೨೦೦೪

ಪ್ರೀತಿಯ ತಮ್ಮ ಹುಲಗೇಶನಿಗೆ,

ಅಕ್ಕನ ಆಶೀರ್ವಾದ. ದವಡೆಯ ನೋವು ಪೂರ್ತಿ ಹೋಯಿತೇ? ಊಟ ಸೇರುತ್ತಿದೆಯೇ? ಕಣ್ಣು ಹಳದಿಯಾಗಿಲ್ಲ ತಾನೇ? ಈ ಕೊನೆಯ ಪ್ರಶ್ನೆಯನ್ನು ಸುಮ್ಮನೆ ಕೇಳಿದ್ದಲ್ಲ. ನೀನು ಪುಣೆಯಲ್ಲಿ ಕೂಡಲೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬೂದೆಪ್ಪ ಮೇಸ್ತ್ರಿಯ ಮೊಬೈಲಿಗೆ ಫೋನ್ ಮಾಡಿದರೆ ಇಡೀ ಷೆಡ್ಡಿಗೆ ಕೇಳುತ್ತದೆ, ಅದಕ್ಕೇ ಕಾಗದ.

ಮಾರ್ಚ್ ಎರಡರಂದು ನಮ್ಮ ಕ್ಲಿನಿಕ್ಕಿನಲ್ಲಿ ನಿನ್ನ ಹಲ್ಲು ಕಿತ್ತರಲ್ಲ, ಅಂದು ನಿನಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತಿದ್ದವರು ಕಾರ್ಖಾನೆಯಿಂದ ನಿವೃತ್ತರಾದ ಶ್ರೀನಿವಾಸರಾಯರು. ಮೊನ್ನೆ ಬಂದು ಬಾಗಿಲಲ್ಲೇ ನಿಂತು, "ನನಗ ಹೆಪಟೈಟಿಸ್ ಬಿ ಅದ ಅಂತ್ರಿ. ನಿಮಗ ಹೇಳಬೇಕನ್ನಿಸ್ತು" ಎಂದರು. ಅದು ರಕ್ತದಿಂದ ಹರಡುವ ಕಾಮಾಲೆ. ಎಷ್ಟು ಕರೆದರೂ ಒಳಗೆ ಬಂದು ಕೂಡಲಿಲ್ಲ.

ಅವರ ಹಲ್ಲು ಕಿತ್ತ ಇಕ್ಕಳವೇ ನಿನ್ನ ಬಾಯಿಗೂ ಬಂತು. ಮಧ್ಯೆ ಅದನ್ನು ತೊಳೆದು, ಪೊಟ್ಟಣ ಕಟ್ಟಿ, ಹಬೆಯ ಯಂತ್ರದಲ್ಲಿ ಇಟ್ಟವಳು ನಾನು. ಇಪ್ಪತ್ತು ನಿಮಿಷ ಬಿಡಬೇಕು. ಒಂಬತ್ತು ವರ್ಷ ಗಡಿಯಾರ ನೋಡಿಯೇ ತೆಗೆದಿದ್ದೇನೆ. ಅಂದು ಹೊರಗೆ ನಿಮ್ಮ ಲಾರಿ ನಿಂತಿತ್ತು, ಬೂದೆಪ್ಪ ಹಾರನ್ ಹೊಡೆಸುತ್ತಲೇ ಇದ್ದ. ನೀನು ಕೆನ್ನೆ ಹಿಡಿದುಕೊಂಡು, "ಅಕ್ಕಾ, ಅದರಾಗ ಬ್ಯಾಳಿ ಬೇಯಾಕ ಇಟ್ಟೀಯೇನು? ಲಾರಿ ಹೋದ್ರ ನಾ ನಡಕೋತ ಪುಣೇಕ ಹೋಗ್ಲೇನು?" ಎಂದೆ. ನನಗೂ ನಗು ಬಂತು. ಎಂಟನೇ ನಿಮಿಷಕ್ಕೆ ಹಬೆ ಬಿಟ್ಟು ತೆಗೆದೆ. ಪೊಟ್ಟಣದ ಟೇಪಿನ ಮೇಲೆ ಕಪ್ಪು ಗೆರೆ ಮೂಡಿತ್ತು. ಬಿಸಿ ತಗುಲಿತೆಂದು ಮಾತ್ರ ಆ ಗೆರೆ ಹೇಳುತ್ತದೆ, ಕ್ರಿಮಿ ಸತ್ತಿತೆಂದಲ್ಲ. ಅದು ನನಗೆ ಗೊತ್ತಿತ್ತು. ದೀಪಾಲಿ ಡಾಕ್ಟರಿಗೆ ಗೆರೆ ತೋರಿಸಿದೆ, ಅವರು ನಂಬಿದರು.

ಕಂಪ್ಯೂಟರ್ ಕಂಪನಿಯವರು ಕುರ್ಚಿಗೆ ಒರಗುವ ಮೊದಲೇ "ಸಬ್ ಸಾಫ್ ಹೈ ನಾ?" ಎಂದು, ಎಲ್ಲ ಶುದ್ಧವಿದೆ ತಾನೇ ಎಂದು, ಕೇಳುತ್ತಾರೆ. ಅವರ ಕಟ್ಟಡಗಳಿಗೆ ಸಿಮೆಂಟು ಹೊತ್ತ ನೀನು ಏನೂ ಕೇಳಲಿಲ್ಲ. ಟ್ರೇ ಹಿಡಿದು ನಿಂತವಳು ನಿನ್ನ ಅಕ್ಕ. ಬೇರೆ ಎಲ್ಲರಿಗೂ ಇಪ್ಪತ್ತು ನಿಮಿಷ ಕೊಟ್ಟವಳು ನಿನಗೊಬ್ಬನಿಗೆ ಎಂಟು ಕೊಟ್ಟೆ.

ನಿನ್ನೆ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ತುಂಬ ಹೊತ್ತು ಕೈ ತೊಳೆದರು. "ತಗುಲಿರಲಿಕ್ಕಿಲ್ಲ, ಗೋದಾವರಿ. ಆದ್ರ ಅಷ್ಟಕ್ಕs ಸುಮ್ನ ಕೂಡಬ್ಯಾಡ, ತಮ್ಮಗ ಲಗೂನ ಬರಿ" ಎಂದರು. ಯಂತ್ರದ ಕೆಲಸ ಬಿಡಿಸಿದ್ದಾರೆ. ಈಗ ನಾನು ಬಾಗಿಲ ಬಳಿ ಕೂತು ರೋಗಿಗಳ ಚೀಟಿ ಬರೆಯುತ್ತೇನೆ.

ಸರ್ಕಾರಿ ಆಸ್ಪತ್ರೆಯಲ್ಲಿ ಈಗ ಒಮ್ಮೆ, ಮೂರು ತಿಂಗಳ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸು. ನಿನ್ನ ಬ್ಲೇಡನ್ನು ಷೆಡ್ಡಿನಲ್ಲಿ ಯಾರಿಗೂ ಕೊಡಬೇಡ.

ನಿನ್ನ ರಕ್ತ ಶುದ್ಧವಾಗಿ ಬರಲೆಂದು ಬೇಡುವ,
ನಿನ್ನ ಅಕ್ಕ
ಗೋದಾವರಿ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಶಿವಗಂಗಾ ಈಗ ಏಳು ತಿಂಗಳ ಬಸುರಿ. ಇದು ಗಂಡನಿಂದ ಹೆಂಡತಿಗೂ ದಾಟುತ್ತದೆ, ಅವಳನ್ನೂ ಕರೆದುಕೊಂಡು ಹೋಗು. ಅವಳ ರಕ್ತದಲ್ಲಿ ಇದ್ದರೆ ಮಗುವಿಗೆ ಹುಟ್ಟಿದ ದಿನವೇ ಸೂಜಿ ಹಾಕಿಸಬೇಕು, ಮರುದಿನವಲ್ಲ. ಹೇಳಲು ನಿನಗೆ ಬಾಯಿ ಬರದಿದ್ದರೆ ಈ ಕಾಗದವನ್ನೇ ಕೊಡು, ಅವಳು ಓದುತ್ತಾಳೆ. ಬಾಣಂತನಕ್ಕೆ ನಾನೇ ಬರಬೇಕೆಂದು ಹೇಳಿಕಳಿಸಿದ್ದಳು. ಓದಿದ ಮೇಲೆ ಬೇಡವೆಂದರೆ ನೀನು ಒತ್ತಾಯ ಮಾಡಬೇಡ.